ಘಟ್ಟ ಇಳಿಯುವಾಗ ಗೇರನ್ನು ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಯೇ?

ಮೂರ್ನಾಡಿನ ಬೆಳೆಗಾರ: ಮಗಳು ಸುಳ್ಯದಲ್ಲಿ ಓದುತ್ತಿರುವುದರಿಂದ ತಿಂಗಳಿಗೆ ನಾಲ್ಕು ಬಾರಿಯಾದರೂ ಮಡಿಕೇರಿ–ಸುಳ್ಯ ನಡುವಿನ ಸಂಪಾಜೆ ಘಟ್ಟ ಇಳಿದು ಹತ್ತುತ್ತೇನೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿ, ಲೀಟರಿಗೆ ಮೂರು ರೂಪಾಯಿ ಹೆಚ್ಚಾದಂದಿನಿಂದ ನನ್ನದೊಂದು ರೂಢಿಯಿದೆ. ಮದೆನಾಡು ದಾಟಿದೊಡನೆ ಗೇರನ್ನು ನ್ಯೂಟ್ರಲ್‌ಗೆ ತಂದು, ಕೊಯನಾಡಿನ ತನಕ ಕಾರನ್ನು ಹಾಗೆಯೇ ಉರುಳಲು ಬಿಡುತ್ತೇನೆ. ಎಂಜಿನ್ ಮಾತ್ರ ಆರಿಸುವುದಿಲ್ಲ. ಇದರಿಂದ ಉಳಿತಾಯವಿದೆ ಎಂದು ನಾನು, ಇಲ್ಲವೆಂದು ಮನೆಯವರು. ಬಲ್ಲವರು ತಿಳಿಸಬೇಕು.

ತಾಳತ್ತಮನೆ ಮೇಷ್ಟ್ರು: ನಿಮ್ಮ ಮನೆಯವರು ಹೇಳುವುದೇ ಸರಿ. ಕಾರ್ಬುರೇಟರ್ ಇದ್ದ ಹಳೆಯ ಕಾರುಗಳ ಕಾಲದಲ್ಲಿ ಈ ರೂಢಿಗೆ ಒಂದಿಷ್ಟು ಅರ್ಥವಿತ್ತು, ಏಕೆಂದರೆ ಕಾಲು ತೆಗೆದರೂ ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಅದು ಪೆಟ್ರೋಲನ್ನು ಹೀರುತ್ತಲೇ ಇರುತ್ತಿತ್ತು. ಇಂದಿನ ಕಾರುಗಳಲ್ಲಿ ಪೆಟ್ರೋಲನ್ನು ಇಂಜೆಕ್ಟರ್ ಅಳೆದು ಬಿಡುತ್ತದೆ. ಗೇರಿನಲ್ಲಿದ್ದುಕೊಂಡೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಇಳಿಜಾರಿನಲ್ಲಿ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ ಎಂಬುದು ಕಾರಿನೊಳಗಿನ ಕಂಪ್ಯೂಟರಿಗೆ ತಿಳಿದು, ಅದು ಪೆಟ್ರೋಲನ್ನು ಸಂಪೂರ್ಣ ನಿಲ್ಲಿಸುತ್ತದೆ. ಎಂಜಿನ್ನಿನ ಸುತ್ತು ತೀರಾ ಇಳಿದಾಗ ಮಾತ್ರ ಮತ್ತೆ ಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲವಾದ್ದರಿಂದ, ಅದು ಆರದಂತೆ ನೋಡಿಕೊಳ್ಳಲು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ಸುಡಲೇಬೇಕು. ಅಂದರೆ ನೀವು ಮಾಡುತ್ತಿರುವುದು ಉಳಿತಾಯವಲ್ಲ, ಅರ್ಧ ಗಂಟೆಯ ಇಳಿತದಲ್ಲಿ ಕಾಲು ಲೀಟರಿಗೂ ಮೇಲೆ ನಷ್ಟ.

ಗೋಣಿಕೊಪ್ಪದ ಟ್ಯಾಕ್ಸಿ: ಮೇಷ್ಟ್ರು ದುಡ್ಡಿನ ಲೆಕ್ಕ ಹೇಳಿದರು, ನಾನು ಬ್ರೇಕಿನ ಲೆಕ್ಕ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ದೇವರಕೊಲ್ಲಿಯ ಕೆಳಗೆ ಹೊರ ಜಿಲ್ಲೆಯ ಕಾರೊಂದು ರಸ್ತೆಯಂಚಿಗೆ ನಿಂತಿತ್ತು. ಮುಂದಿನ ಎರಡು ಚಕ್ರಗಳಿಂದ ಹೊಗೆ. ಸುಟ್ಟ ಬ್ರೇಕ್ ಪ್ಯಾಡಿನ ಆ ಕಮಟು ವಾಸನೆ ಮಳೆಯಲ್ಲೂ ಹತ್ತು ಮಾರು ದೂರಕ್ಕೆ ಬರುತ್ತಿತ್ತು. ಓಡಿಸುತ್ತಿದ್ದ ಹುಡುಗ ಅದರ ಮೇಲೆ ಬಾಟಲಿ ನೀರು ಸುರಿಯಲು ಹೊರಟಿದ್ದ. ಕಾದ ಡಿಸ್ಕ್ ಡೊಂಕಾಗುತ್ತದೆ, ತಾನಾಗಿ ಆರಲಿ ಎಂದು ಹೇಳಿ ತಡೆದೆ. ಮಡಿಕೇರಿಯಿಂದ ನ್ಯೂಟ್ರಲ್‌ನಲ್ಲೇ ಬಂದೆ ಎಂದ. ಹಾಗೆ ಬಂದರೆ ಎಂಜಿನ್ ಕಾರನ್ನು ಹಿಡಿಯುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೇ. ಯಾವ ಗೇರಿನಲ್ಲಿ ಘಟ್ಟ ಹತ್ತುತ್ತೇವೆಯೋ ಅದೇ ಗೇರಿನಲ್ಲಿ ಇಳಿಯಬೇಕೆಂದು ನಮಗೆ ಕಲಿಸಿದ ಹಿರಿಯ ಚಾಲಕರಿಗೆ ಇಂಜೆಕ್ಟರ್ ಗೊತ್ತಿರಲಿಲ್ಲ, ಆದರೆ ಬ್ರೇಕ್ ಗೊತ್ತಿತ್ತು.

ಸೋಮವಾರಪೇಟೆಯ ಮೆಕ್ಯಾನಿಕಲ್: ಅಪಾಯದ ವಿಷಯದಲ್ಲಿ ತಕರಾರಿಲ್ಲ. ಆದರೆ ಮೇಷ್ಟ್ರೇ, ನ್ಯೂಟ್ರಲ್‌ನಿಂದ ಎಲ್ಲೆಡೆಯೂ ನಷ್ಟವೇ ಎಂದರೆ ಅದು ಅರ್ಧ ಸತ್ಯ. ಕುಶಾಲನಗರದ ಕಡೆ ಇರುವಂತಹ ತೆಳು ಇಳಿಜಾರಿನಲ್ಲಿ ಗೇರಿನಲ್ಲಿಟ್ಟರೆ ಎಂಜಿನ್ ಕಾರನ್ನು ಹಿಡಿದೆಳೆಯುತ್ತದೆ. ಸ್ವಲ್ಪ ದೂರಕ್ಕೇ ವೇಗ ಕುಸಿದು ಮತ್ತೆ ಆಕ್ಸಿಲರೇಟರ್ ಒತ್ತಬೇಕಾಗುತ್ತದೆ. ಅಲ್ಲಿ ನ್ಯೂಟ್ರಲ್‌ನಲ್ಲಿ ಕಾರು ಹೆಚ್ಚು ದೂರ ಉರುಳುವುದರಿಂದ ಲೆಕ್ಕ ತಲೆಕೆಳಗಾಗಬಹುದು. ಬ್ರೇಕ್ ಒತ್ತಲೇಬೇಕಾದ ಕಡಿದಾದ ಇಳಿಜಾರಿಗೆ ಮಾತ್ರ ನಿಮ್ಮ ಮಾತು ಸಂಪೂರ್ಣ ಅನ್ವಯಿಸುತ್ತದೆ.

ಇನ್ನು ನಿಜವಾದ ಖರ್ಚು ಇರುವುದು ಇಳಿಯುವುದರಲ್ಲಲ್ಲ, ಹತ್ತುವುದರಲ್ಲಿ. ಸುಳ್ಯದಿಂದ ಮಡಿಕೇರಿಗೆ ಸುಮಾರು ಸಾವಿರ ಮೀಟರ್ ಏರು. ಒಂದು ಟನ್ ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲು ಸುಮಾರು 10 ಮೆಗಾಜೂಲ್ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ 32 ಮೆಗಾಜೂಲ್ ಇದ್ದರೂ ಚಕ್ರಕ್ಕೆ ತಲುಪುವುದು ಹೆಚ್ಚುಕಡಿಮೆ ಕಾಲು ಭಾಗ. ಹಾಗಾಗಿ ಬಯಲಿನ ಖರ್ಚಿನ ಮೇಲೆ ಒಂದೂಕಾಲು ಲೀಟರ್ ಬರಿಯ ಏರಿಗೇ ಹೋಗುತ್ತದೆ, ಯಾರು ಹೇಗೆ ಓಡಿಸಿದರೂ.

ಮೂರ್ನಾಡಿನ ಬೆಳೆಗಾರ: ಹಾಗಾದರೆ ಇತ್ತೀಚೆಗೆ ಮೈಲೇಜ್ ಇಳಿದಿರುವುದಕ್ಕೆ ನನ್ನ ನ್ಯೂಟ್ರಲ್ಲೊಂದೇ ಕಾರಣವೇ, ಅಥವಾ ಪೆಟ್ರೋಲಿಗೆ ಬೆರೆಸುತ್ತಿರುವ ಎಥೆನಾಲ್ ಕೂಡವೇ? ನನ್ನದು ಹತ್ತು ವರ್ಷದ ಹಿಂದಿನ ಕಾರು.

ಸೋಮವಾರಪೇಟೆಯ ಮೆಕ್ಯಾನಿಕಲ್: ಎಥೆನಾಲ್ ಕೂಡ. ಲೀಟರಿಗೆ ಹೋಲಿಸಿದರೆ ಅದರ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಶೇ 20ರಷ್ಟು ಬೆರೆಸಿದರೆ ಶೇ 6–7ರಷ್ಟು ಕೊರತೆ ಬರುತ್ತದೆ. ಅದಕ್ಕೆ ನೀವೂ ನಾನೂ ಮಾಡುವಂಥದ್ದೇನಿಲ್ಲ.

ಕುಶಾಲನಗರದ ಓದುಗಿ: ನಮ್ಮ ಕೈಯಲ್ಲಿರುವುದನ್ನು ಯಾರೂ ಹೇಳುತ್ತಿಲ್ಲವಲ್ಲ! ಅಣ್ಣ, ನಿಮ್ಮ ಡಿಕ್ಕಿಯಲ್ಲಿ ಏನಿದೆ? ನಮ್ಮ ಮನೆಯ ಕಾರಿನಲ್ಲಿ ಗೊಬ್ಬರದ ಚೀಲವೊಂದು ದಸರಾದಿಂದ ಪುತ್ತರಿಯವರೆಗೂ ತಿರುಗಾಡಿತು. ಟೈರಿನ ಗಾಳಿಯನ್ನು ತಿಂಗಳಿಗೊಮ್ಮೆಯಾದರೂ, ಅದೂ ಟೈರ್ ತಣ್ಣಗಿರುವಾಗ ನೋಡಿಸಬೇಕು. ಬೆಳಿಗ್ಗೆ ಹಾಲಿಗೊಮ್ಮೆ, ಹತ್ತು ಗಂಟೆಗೆ ಬ್ಯಾಂಕಿಗೊಮ್ಮೆ, ಸಂಜೆ ಔಷಧಿಗೊಮ್ಮೆ ಎರಡೆರಡು ಕಿಲೋಮೀಟರ್ ಓಡಿಸಿದರೆ ಎಂಜಿನ್ ಬಿಸಿಯಾಗುವ ಮೊದಲೇ ಆರಿಸುತ್ತೇವೆ. ತಣ್ಣನೆಯ ಎಂಜಿನ್ ಹೆಚ್ಚು ಕುಡಿಯುತ್ತದೆ. ನಮ್ಮ ಚಳಿಯಲ್ಲಂತೂ ಕೇಳುವುದೇ ಬೇಡ. ಮೂರೂ ಕೆಲಸವನ್ನು ಒಂದೇ ಓಡಾಟದಲ್ಲಿ ಮುಗಿಸಲು ಶುರುಮಾಡಿದ ಮೇಲೆ ನಮ್ಮಲ್ಲಿ ತಿಂಗಳ ಖರ್ಚು ಕಣ್ಣಿಗೆ ಕಾಣುವಂತೆ ಇಳಿಯಿತು.

ಸೋಮವಾರಪೇಟೆಯ ಮೆಕ್ಯಾನಿಕಲ್: ಅಕ್ಕನ ಚೀಲದ ಲೆಕ್ಕವನ್ನೂ ಮಾಡಿಬಿಡೋಣ. 50 ಕಿಲೋ ಎಂದಿಟ್ಟುಕೊಂಡರೆ ಸಂಪಾಜೆ ಘಟ್ಟ ಒಮ್ಮೆ ಹತ್ತಲು ಸುಮಾರು 60 ಮಿಲಿಲೀಟರ್, ಅಂದರೆ ಆರು ರೂಪಾಯಿ ಚಿಲ್ಲರೆ. ದೊಡ್ಡದಲ್ಲ, ಆದರೆ ಪುಕ್ಕಟೆಯೂ ಅಲ್ಲ. ಒಂದೇ ಓಡಾಟದ ಸಲಹೆ ಮಾತ್ರ ಇಲ್ಲಿ ಬಂದ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಮೂರ್ನಾಡಿನ ಬೆಳೆಗಾರ: ನಿನ್ನೆ ಸುಳ್ಯಕ್ಕೆ ಹೋಗುವಾಗ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷೆ ಮಾಡಿದೆ. ಆ ಕ್ಷಣದ ಮೈಲೇಜ್ ತೋರಿಸುವ ಪಟ್ಟಿ ನನ್ನ ಕಾರಿನ ಮೀಟರಿನಲ್ಲಿದೆ. ಇಷ್ಟು ವರ್ಷ ಅದನ್ನು ನಾನು ನೋಡಿದ್ದೇ ಇಲ್ಲ. ಜೋಡುಪಾಲದ ಬಳಿ ಮೂರನೇ ಗೇರಿನಲ್ಲಿ ಕಾಲು ತೆಗೆದಾಗ ಪಟ್ಟಿ ಕೊನೆಯ ತುದಿಗೆ ಹೋಗಿ ಅಲ್ಲೇ ನಿಂತಿತು. ನೇರವಾದ ಜಾಗ ನೋಡಿಕೊಂಡು ಒಂದು ಗಳಿಗೆ ನ್ಯೂಟ್ರಲ್‌ಗೆ ತಂದೆ, ಪಟ್ಟಿ ಕೆಳಗಿಳಿಯಿತು. ಮತ್ತೆ ಗೇರ್ ಹಾಕಿದೆ, ಮತ್ತೆ ತುದಿಗೆ ಹೋಯಿತು. ಮನೆಯವರು ಏನೂ ಹೇಳದೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಸುಳ್ಯ ತಲುಪಿದ ಮೇಲೆ ಡಿಕ್ಕಿ ತೆರೆದರೆ ಗೊಬ್ಬರ ಇರಲಿಲ್ಲ, ಕಳೆದ ವರ್ಷದ ಸ್ಪ್ರೇಯರ್ ಮತ್ತು ಎರಡು ಕ್ಯಾನ್ ನೀರು ಇದ್ದವು.