ಪ್ರೀಮಿಯರ್‌ನಿಂದ ರಿಸಾಲ್ವ್‌ಗೆ ಹೋದ ಟೈಮ್‌ಲೈನ್‌ನಲ್ಲಿ ಶಾಟ್‌ಗಳು ಅದಲುಬದಲು

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. 42 ನಿಮಿಷದ ಸಾಕ್ಷ್ಯಚಿತ್ರ, ಎಡಿಟ್ ಪ್ರೀಮಿಯರ್ ಪ್ರೊ ಸಾಫ್ಟ್‌ವೇರ್‌ನಲ್ಲಿ, ಬಣ್ಣ ತಿದ್ದುವ ಕೆಲಸ (ಕಲರ್) ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್‌ನಲ್ಲಿ. ಫುಟೇಜನ್ನೆಲ್ಲ ಹೊಸ ಡಿಸ್ಕ್‌ಗೆ ಕಾಪಿ ಮಾಡಿ, ಪ್ರೀಮಿಯರ್‌ನಿಂದ ಎಕ್ಸ್‌ಎಂಎಲ್ (ಟೈಮ್‌ಲೈನ್, ಅಂದರೆ ಶಾಟ್‌ಗಳ ಜೋಡಣೆಯ ವಿವರ ಇರುವ ಫೈಲ್) ತೆಗೆದು ರಿಸಾಲ್ವ್‌ನಲ್ಲಿ ತೆರೆದೆ. ಕಟ್‌ಗಳು ಜಾಗದಲ್ಲೇ ಇವೆ. ಆದರೆ ಅಜ್ಜಿ ಸೂಜಿಗೆ ದಾರ ಪೋಣಿಸುವ ಕ್ಲೋಸಪ್ ಇರಬೇಕಾದ ಕಡೆ ಖಾಲಿ ರಸ್ತೆ ಬರ್ತಿದೆ! ಕೆಲವು 4ಕೆ ಶಾಟ್‌ಗಳು ಅರ್ಧಕ್ಕೆ ಕುಗ್ಗಿ ಸುತ್ತಲೂ ಕಪ್ಪು. ಸ್ಪೀಡ್ ರ‍್ಯಾಂಪ್ (ಶಾಟ್‌ನ ವೇಗ ಮೆಲ್ಲಗೆ ಏರಿಳಿಯುವುದು) ಇರುವ ಕಡೆ ಚಲನೆಯೇ ಬೇರೆ. ಆ ಕ್ಲೋಸಪ್‌ಗಾಗಿ ಮೂರು ದಿನ ಕಾದಿದ್ದೆವು. ಯಾರಾದರೂ ದಾರಿ ತೋರಿಸಿ.

ಉತ್ತರ 1:
ಡಿಸ್ಕ್ ಬದಲಾಗಿದ್ದೇ ಮೂಲ ಅನ್ಸುತ್ತೆ. ಎಕ್ಸ್‌ಎಂಎಲ್‌ನಲ್ಲಿ ವಿಡಿಯೊ ಇರಲ್ಲ, ಫೈಲ್‌ನ ಹೆಸರು, ಅದು ಇದ್ದ ದಾರಿ, ಇನ್-ಔಟ್ (ಶಾಟ್ ಎಲ್ಲಿ ಶುರು, ಎಲ್ಲಿ ಕೊನೆ), ಸೈಜ್ ಇಂಥ ಮಾಹಿತಿ ಅಷ್ಟೇ. ದಾರಿ ಸಿಗದಿದ್ದಾಗ ರಿಲಿಂಕ್ ಮಾಡಿರ್ತೀರಿ (ಫೈಲ್ ಎಲ್ಲಿದೆ ಅಂತ ಮತ್ತೆ ತೋರಿಸಿರ್ತೀರಿ), ಆಗ ರಿಸಾಲ್ವ್ ಹೆಸರು, ಟೈಮ್‌ಕೋಡ್ (ಪ್ರತಿ ಫ್ರೇಮ್‌ನ ಸಮಯದ ಅಂಕಿ) ನೋಡಿ ಹುಡುಕುತ್ತೆ. ಕ್ಯಾಮೆರಾದ ಎರಡು ಕಾರ್ಡ್‌ನಲ್ಲೂ ಸಿ0001 ಅನ್ನೋ ಫೈಲ್ ಇದ್ದು, ಎರಡರ ಟೈಮ್‌ಕೋಡ್ ಕೂಡ ಸೊನ್ನೆಯಿಂದಲೇ ಶುರುವಾಗಿದ್ದರೆ ಯಾವುದು ನಿಮ್ಮದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಹೊಸ ಡಿಸ್ಕ್‌ಗೆ ಹಳೆಯ ಡಿಸ್ಕ್‌ನ ಹೆಸರನ್ನೇ ಕೊಡಿ (ವಿಂಡೋಸ್ ಆದರೆ ಅದೇ ಡ್ರೈವ್ ಅಕ್ಷರ), ಫೋಲ್ಡರ್‌ಗಳು ಹಾಗೇ ಇರಲಿ. ಹೊಸ ಪ್ರಾಜೆಕ್ಟ್‌ನಲ್ಲಿ ಮತ್ತೆ ಇಂಪೋರ್ಟ್ ಮಾಡಿ. ಮುಂದಿನ ಸಲ ಎಡಿಟ್ ಶುರುವಾಗುವ ಮೊದಲೇ ಫೈಲ್ ಹೆಸರಿಗೆ ಕಾರ್ಡ್ ನಂಬರ್ ಸೇರಿಸಿ. ಎಡಿಟ್ ಮಧ್ಯೆ ಮಾತ್ರ ಹೆಸರು ಮುಟ್ಟಲೇಬೇಡಿ.

ಉತ್ತರ 2:
ಕುಗ್ಗಿದ ಶಾಟ್‌ಗಳ ವಿಷಯ. ಪ್ರೀಮಿಯರ್‌ನಲ್ಲಿ ಕೆಲವಕ್ಕೆ ‘ಸ್ಕೇಲ್ ಟು ಫ್ರೇಮ್ ಸೈಜ್’, ಕೆಲವಕ್ಕೆ ‘ಸೆಟ್ ಟು ಫ್ರೇಮ್ ಸೈಜ್’ ಹಾಕಿದ್ದೀರಾ ನೋಡಿ. ಎರಡನೆಯದರಲ್ಲಿ 3840 ಅಗಲದ ಕ್ಲಿಪ್ 1920ರ ಟೈಮ್‌ಲೈನ್‌ನಲ್ಲಿ 50% ಅಂತ ದಾಖಲಾಗುತ್ತೆ. ರಿಸಾಲ್ವ್ ತಾನೇ ಫಿಟ್ ಮಾಡಿ, ಮೇಲೆ ಆ 50% ಕೂಡ ಹಾಕಿದರೆ ಚಿತ್ರ ಅರ್ಧ ಆಗುತ್ತೆ. ಎಲ್ಲವನ್ನೂ ‘ಸೆಟ್’ಗೆ ತಂದು, ಎಕ್ಸ್‌ಎಂಎಲ್ ಮತ್ತೆ ತೆಗೆದು, ರಿಸಾಲ್ವ್‌ನ ಇಮೇಜ್ ಸ್ಕೇಲಿಂಗ್‌ನಲ್ಲಿ ‘ಸೆಂಟರ್ ಕ್ರಾಪ್ ವಿತ್ ನೋ ರಿಸೈಜಿಂಗ್’ ಇಡಿ.

ಉತ್ತರ 3:
ರ‍್ಯಾಂಪ್, ಸ್ಟೆಬಿಲೈಸರ್, ಪ್ಲಗಿನ್ ಎಫೆಕ್ಟ್ ರಿಸಾಲ್ವ್‌ಗೆ ಸರಿಯಾಗಿ ದಾಟುತ್ತೆ ಅಂತ ನಂಬಬೇಡಿ. ಅಂಥ ಶಾಟ್‌ಗಳನ್ನು ಪ್ರೀಮಿಯರ್‌ನಲ್ಲೇ, ಬಣ್ಣ ಮುಟ್ಟದೆ, ಪ್ರೊರೆಸ್ 422 ಎಚ್‌ಕ್ಯೂನಲ್ಲಿ (ಒಳ್ಳೆ ಗುಣಮಟ್ಟದ ವಿಡಿಯೊ ಫಾರ್ಮ್ಯಾಟ್) ರೆಂಡರ್ ಮಾಡಿ ಅದೇ ಜಾಗದಲ್ಲಿ ಕೂರಿಸಿ. ಇದನ್ನೆಲ್ಲ ಸೀಕ್ವೆನ್ಸ್‌ನ (ಪ್ರೀಮಿಯರ್‌ನ ಟೈಮ್‌ಲೈನ್) ಒಂದು ಕಾಪಿಯಲ್ಲೇ ಮಾಡಿ.

ಇಡೀ ಚಿತ್ರದ ಒಂದು ರೆಫರೆನ್ಸ್ ಮೂವಿಯನ್ನೂ (ಹೋಲಿಸಿ ನೋಡಲು ಪ್ರೀಮಿಯರ್‌ನಿಂದ ತೆಗೆದ ವಿಡಿಯೊ), ಮೂಲೆಯಲ್ಲಿ ಟೈಮ್‌ಕೋಡ್ ಕಾಣುವಂತೆ, ತೆಗೆದಿಡಿ. ನಾನು ಇದಿಲ್ಲದೆ ಯಾವ ಪ್ರಾಜೆಕ್ಟನ್ನೂ ಕೈಗೆತ್ತಿಕೊಳ್ಳಲ್ಲ. ರಿಸಾಲ್ವ್‌ನಲ್ಲಿ ಅದನ್ನು ಮೇಲಿನ ಟ್ರ್ಯಾಕ್‌ಗೆ ಹಾಕಿ ಕಂಪೋಸಿಟ್ ಮೋಡ್ ‘ಡಿಫರೆನ್ಸ್’ ಮಾಡಿ (ಮೇಲಿನ, ಕೆಳಗಿನ ಚಿತ್ರಗಳ ವ್ಯತ್ಯಾಸ ಮಾತ್ರ ತೋರಿಸುತ್ತೆ). ಹೊಂದಿದ ಕಡೆ ಪರದೆ ಕಪ್ಪಾಗಿರುತ್ತೆ, ಒಂದು ಫ್ರೇಮ್ ಸರಿದರೂ ಅಂಚುಗಳು ಮಿನುಗುತ್ತವೆ. ಮೂಲೆಯ ಟೈಮ್‌ಕೋಡ್ ಅಂಕಿ ಮಾತ್ರ ಯಾವಾಗಲೂ ಕಾಣುತ್ತೆ, ಗಾಬರಿಯಾಗಬೇಡಿ.

ಪ್ರಶ್ನೆ ಕೇಳಿದವರು:
ಮೂವರಿಗೂ ತುಂಬಾ ಧನ್ಯವಾದ. ಡಿಸ್ಕ್ ಹೆಸರು ಬದಲಿಸಿ ಮತ್ತೆ ಇಂಪೋರ್ಟ್ ಮಾಡಿದೆ, ರಸ್ತೆ ಹೋಯಿತು, ಅಜ್ಜಿ ಬಂದರು. ಸೈಜ್ ಕೂಡ ಸರಿಹೋಯಿತು. ಡಿಫರೆನ್ಸ್‌ನಲ್ಲಿ ಪೂರ್ತಿ ನೋಡಿದಾಗ 18ನೇ ನಿಮಿಷದಲ್ಲಿ ಅಜ್ಜಿಯ ಬೆರಳಿನ ಸುತ್ತ ಬಿಳಿ ಗೆರೆ ಕಂಡಿತು. ರೆಂಡರ್ ಮಾಡಿದ ಕ್ಲಿಪ್ಪನ್ನು ನಾನೇ ಒಂದು ಫ್ರೇಮ್ ಮುಂದೆ ಕೂರಿಸಿದ್ದೆ. ಹಿಂದಕ್ಕೆ ಸರಿಸಿದ ಕೂಡಲೇ ಗೆರೆ ಮಾಯವಾಯಿತು.