ಮಾರಿದ ಸೂಟಿ ವಾಪಸ್ ಸಿಗುತ್ತದಾ? ಮೂರು ವಾರದ ರಜೆ ಅಂತಾರಲ್ಲ, ಅದು ನಮಗೂ ಇದೆಯಾ?

ತಾರಿಹಾಳ_ಫಿಟ್ಟರ್:

ಎಲ್ಲರಿಗೂ ನಮಸ್ಕಾರ ರೀ. ಹುಬ್ಬಳ್ಳಿ ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಇದ್ದೇನೆ. ಯಾವುದು ಅಂತ ಹೇಳಲ್ಲ, ನಾಳೆ ಅಲ್ಲೇ ಹಾಜರಿ ಹಾಕಬೇಕು. ಆರು ವರ್ಷ ಆಯಿತು, ಆದರೆ ಕಾಯಂ ಅಲ್ಲ, ಕಾಂಟ್ರಾಕ್ಟರ್ ಕಡೆಯಿಂದ. ನಮ್ಮಂಥವರು ಎಂಬತ್ತು ಜನ ಇದ್ದೇವೆ.

ವಿಷಯ ಏನೆಂದರೆ, ಪಂಚಮಿಗೆ ಊರಿಗೆ ಹೋಗಬೇಕು. ಊರು ಹಾನಗಲ್ ಹತ್ತಿರ. ನಮ್ಮ ಕಡೆ ಪಂಚಮಿ ಅಂದರೆ ಎಲ್ಲಾ ಹಬ್ಬಕ್ಕಿಂತ ಒಂದು ಕೈ ಮೇಲೆ, ಅಕ್ಕ ತವರಿಗೆ ಬಂದಿರುತ್ತಾಳೆ, ಉಂಡಿ, ಅಳ್ಳು, ಜೋಕಾಲಿ, ನಿಮಗೆ ಹೇಳೋದೇ ಬೇಡ. ನಾಲ್ಕು ದಿನ ಸೂಟಿ ಕೇಳಿದೆ. ಸೂಪರ್‌ವೈಸರ್ ಕಂಪ್ಯೂಟರ್ ನೋಡಿ "ನಿನ್ನ ಇ.ಎಲ್. (ದುಡಿದು ಗಳಿಸಿದ ಪಗಾರಿ ರಜೆ) ಸೊನ್ನೆ, ಹೋದರೆ ಪಗಾರ ಕಟ್" ಅಂದರು. ಹೋದ ವರ್ಷ ಒಂದು ದಿನವೂ ಇ.ಎಲ್. ತಗೊಂಡಿಲ್ಲ, ಸೊನ್ನೆ ಹೇಗಾಯಿತು ಅಂತ ಕೇಳಿದೆ. ಡಿಸೆಂಬರ್‌ನಲ್ಲಿ ಎಲ್ಲರ ಹತ್ತಿರ ಸಹಿ ಮಾಡಿಸಿಕೊಂಡ ಹಾಳೆ ತೋರಿಸಿದರು. ಸೂಟಿಯನ್ನೆಲ್ಲ ದುಡ್ಡು ಮಾಡಿ ಪಗಾರದ ಜೊತೆ ಹಾಕಿಬಿಟ್ಟಿದ್ದರಂತೆ. ನಾವು ಅದನ್ನು ಬೋನಸ್ ಅಂದುಕೊಂಡು ಖುಷಿಪಟ್ಟಿದ್ದೆವು!

ಅಂತರರಾಷ್ಟ್ರೀಯ ನಿಯಮದಲ್ಲಿ ವರ್ಷಕ್ಕೆ ಮೂರು ವಾರ ಪಗಾರ ಸಹಿತ ರಜೆ ಇದೆ ಅಂತ ಓದಿದೆ. ಹೊಸ ಲೇಬರ್ ಕೋಡ್ ಜೊತೆ ಅದೂ ಬಂತಾ? ಬರದಿದ್ದರೆ ಯಾಕೆ? ಮತ್ತೆ, ಒಮ್ಮೆ ಮಾರಿದ ಸೂಟಿ ವಾಪಸ್ ಕೇಳಬಹುದಾ?

ಹಳೇ_ಯೂನಿಯನ್_ಧಾರವಾಡ:

ಮೂರು ವಾರ ಬಂದಿಲ್ಲ ತಮ್ಮಾ. ಆದರೆ ನಿನ್ನ ಜಗಳ ಮೂರು ವಾರದ್ದಲ್ಲ, ಆ ಡಿಸೆಂಬರ್ ಹಾಳೆಯದು. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇಟ್ಟು ಓದು.

ನೀನು ಓದಿದ್ದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1970ರ ಒಪ್ಪಂದ, ನಂಬರ್ 132. ಅದಕ್ಕಿಂತ ಮುಂಚೆ 1936ರದ್ದು ಒಂದಿತ್ತು, ಅದರಲ್ಲಿ ವರ್ಷ ದುಡಿದರೆ ಆರೇ ದಿನ. 1970ರದ್ದರಲ್ಲಿ ಕನಿಷ್ಠ ಮೂರು ಕೆಲಸದ ವಾರ. ನಮ್ಮಂತೆ ವಾರಕ್ಕೆ ಆರು ದಿನ ದುಡಿಯುವವರಿಗೆ ಅದು 18 ದಿನ. ಹಬ್ಬದ ರಜೆ ಅದರಲ್ಲಿ ಸೇರಿಸುವ ಹಾಗಿಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ಒಂದು ಕಂತಾದರೂ ಎರಡು ವಾರ ಒಟ್ಟಿಗೆ ಕೊಡಬೇಕು. ರಜೆ ಹುಟ್ಟುವುದಕ್ಕೆ ಇಷ್ಟು ಕಾಲ ದುಡಿದಿರಬೇಕು ಅಂತ ಷರತ್ತು ಹಾಕಬಹುದು, ಆದರೆ ಅದು ಆರು ತಿಂಗಳಿಗಿಂತ ಹೆಚ್ಚಾಗಬಾರದು.

ಭಾರತ ಇದನ್ನು ಅಂಗೀಕರಿಸಿಲ್ಲ. 1919ರಿಂದ ಆ ಸಂಸ್ಥೆಯ ಸದಸ್ಯ ದೇಶ ನಮ್ಮದು. ಕೆಲಸದ ಗಂಟೆಯ ಒಪ್ಪಂದವನ್ನು 1921ರಲ್ಲೇ ಒಪ್ಪಿದೆ, ವಾರದ ರಜೆಯದನ್ನು 1923ರಲ್ಲಿ. ಪಗಾರಿ ರಜೆ ಮಾತ್ರ ಇಲ್ಲ. ಮೊದಲು ನಮ್ಮ ಕಾನೂನು ಪೂರ್ತಿ ಹೊಂದಿಕೆ ಆಗಬೇಕು, ಆಮೇಲೆ ಅಂಗೀಕಾರ, ಇದು ಸರ್ಕಾರದ ಪದ್ಧತಿ. ಅಂಗೀಕಾರ ಆಗಿಲ್ಲವಲ್ಲ ಅಂತ ಕಾನೂನು ಬದಲಿಸುವ ಅವಸರ ಯಾರಿಗೂ ಇಲ್ಲ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು.

ನಮ್ಮ ಲೆಕ್ಕ ನೋಡು. 1948ರ ಕಾರ್ಖಾನೆ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದು ದಿನ ರಜೆ, ಅದೂ ಮುಂದಿನ ವರ್ಷ ತಗೊಳ್ಳಲಿಕ್ಕೆ. ನೀನು ಹೇಳಿದ ಹೊಸ ಲೇಬರ್ ಕೋಡ್‌ಗಳಲ್ಲಿ ಒಂದಾದ, 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಕೋಡ್‌ನಲ್ಲಿ 240 ಹೋಗಿ 180 ಆಗಿದೆ. ಇದು ಒಳ್ಳೆಯದು, ಅಂತರರಾಷ್ಟ್ರೀಯ ನಿಯಮದ ಆರು ತಿಂಗಳ ಹತ್ತಿರ ಬಂದ ಹಾಗಾಯಿತು. ಆದರೆ 20ಕ್ಕೆ ಒಂದು ಅನ್ನುವುದು ಹಾಗೇ ಉಳಿದಿದೆ. 300 ದಿನ ದುಡಿದರೆ 15. ಹದಿನೆಂಟಕ್ಕೆ ಮೂರು ಕಡಿಮೆ.

ಮೂರು ದಿನ ಅಲ್ವಾ, ಹೋಗಲಿ ಬಿಡು ಅನ್ನಬಹುದು. ನನಗೆ ಜಾಸ್ತಿ ಉರಿಯುವುದು ಬೇರೆ. 132ರ 12ನೇ ವಿಧಿ ಏನು ಹೇಳುತ್ತದೆ ಅಂದರೆ, ಕನಿಷ್ಠ ರಜೆಯನ್ನು ದುಡ್ಡಿಗೋ ಇನ್ನೊಂದಕ್ಕೋ ಬಿಟ್ಟುಕೊಡುವ ಒಪ್ಪಂದವನ್ನು ಕಾನೂನು ಒಪ್ಪಬಾರದು, ಸಹಿ ಹಾಕಿದರೂ ಅದು ನಡೆಯಬಾರದು. ದಣಿದ ಮೈಗೆ ದುಡ್ಡು ಕೊಟ್ಟರೆ ದಣಿವು ಹೋಗುತ್ತದಾ? ನಮ್ಮ ಹಳೇ ಕಾರ್ಖಾನೆ ಕಾಯ್ದೆ ಕೂಡ ರಜೆಗೆ ದುಡ್ಡಿನ ಮಾತು ಎತ್ತುತ್ತಿದ್ದದ್ದು ಮನುಷ್ಯ ಕೆಲಸ ಬಿಟ್ಟಾಗ, ತೆಗೆದಾಗ, ಇಲ್ಲವೇ ತೀರಿಕೊಂಡಾಗ. ಹೊಸ ಕೋಡ್ ವರ್ಷದ ಕೊನೆಗೆ ಕಾರ್ಮಿಕ ಕೇಳಿದರೆ ರಜೆಯನ್ನು ದುಡ್ಡು ಮಾಡಿಕೊಡಬೇಕು ಅನ್ನುತ್ತದೆ. 180ರಲ್ಲಿ ಒಂದು ಹೆಜ್ಜೆ ಮುಂದೆ ಹೋದವರು ಇಲ್ಲಿ ಹಿಂದೆ ಬಂದರು.

ಆದರೂ ಅಲ್ಲಿರುವ ಮಾತು "ಕಾರ್ಮಿಕ ಕೇಳಿದರೆ". ಮಾಲಕರು ಕೇಳಿದರೆ ಅಲ್ಲ. ಎಂಬತ್ತು ಜನರ ಹತ್ತಿರ ಒಂದೇ ಹಾಳೆಗೆ ಸಹಿ ಮಾಡಿಸಿದ್ದು ಯಾರ ಬೇಡಿಕೆ?

ಹೋದ ವರ್ಷದ್ದಕ್ಕೆ ದುಡ್ಡು ಎಣಿಸಿಕೊಂಡಾಗಿದೆ, ಆ ದಿನ ವಾಪಸ್ ತರುವುದು ಕಷ್ಟ. ಆದರೆ ಈ ವರ್ಷ ಜನವರಿಯಿಂದ ಎಷ್ಟು ದಿನ ದುಡಿದೆ ಅಂತ ಎಣಿಸು. ಕೋಡ್‌ನಲ್ಲಿರುವುದು "ಆ ಕ್ಯಾಲೆಂಡರ್ ವರ್ಷದಲ್ಲಿ 180 ದಿನ". ಪಂಚಮಿ ಹೊತ್ತಿಗೆ 180 ದಾಟಿದ್ದರೆ, ನಾನು ಓದಿದ ಹಾಗೆ, ಈ ವರ್ಷದ್ದೇ ಒಂಬತ್ತು ದಿನ ನಿನ್ನ ಖಾತೆಯಲ್ಲಿ ಇರಬೇಕು. ಸೊನ್ನೆ ಹೇಗೆ ಆಗುತ್ತದೆ?

ಗದಗ_ಪ್ರೆಸ್:

ಮಾಲಕರ ಕಡೆಯಿಂದ ಒಬ್ಬ ಮಾತಾಡಬಹುದಾ? ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ. ಗದಗ-ಬೆಟಗೇರಿಯಲ್ಲಿ ನನ್ನದೊಂದು ಪ್ರಿಂಟಿಂಗ್ ಪ್ರೆಸ್, 14 ಜನ. ಲಗ್ನಸರಾಯಿ ಶುರುವಾದರೆ ರಾತ್ರಿ ಹನ್ನೊಂದರ ತನಕ ಮಷೀನ್ ಓಡುತ್ತದೆ, ಮತ್ತೆ ಅದೇ ಹೊತ್ತಿಗೆ ತೋಂಟದಾರ್ಯ ಜಾತ್ರೆ. ಕಟಿಂಗ್ ಮಷೀನ್‌ನವನು ಒಬ್ಬನೇ, ಅವನು ಎರಡು ವಾರ ಒಟ್ಟಿಗೆ ಹೋದರೆ ನಾನೇ ನಿಂತು ಕತ್ತರಿಸಬೇಕು. ಹಿಂದೆ ಒಮ್ಮೆ ನಿಂತಿದ್ದೆ, ಐನೂರು ಲಗ್ನಪತ್ರಿಕೆ ಸೊಟ್ಟ ಕತ್ತರಿಸಿ ಕೈ ಮುಗಿದು ಬಂದೆ.

ನಿಜ ಹೇಳಬೇಕಂದರೆ ದುಡ್ಡು ಕೇಳುವವರು ಹುಡುಗರೇ. ಜೂನ್ ಬಂತೆಂದರೆ "ಅಣ್ಣಾ, ಸೂಟಿ ಬೇಡ, ಮಗಳ ಫೀ ಕಟ್ಟಬೇಕು" ಅಂತ ನಿಲ್ಲುತ್ತಾರೆ. ದಿನಕ್ಕೆ 600 ಹಿಡಿದರೂ 15 ದಿನಕ್ಕೆ 9,000 ಆಗುತ್ತದೆ. ಜಿನೀವಾದಲ್ಲಿ ಕೂತ ಆ ಕಾರ್ಮಿಕ ಸಂಸ್ಥೆಯವರು "ಮಾರಬಾರದು" ಅಂತ ಬರೆದರೆ ಆ ಫೀ ಯಾರು ಕಟ್ಟುತ್ತಾರೆ?

ಇನ್ನೊಂದು, ಹೊಸ ಕೋಡ್‌ನಲ್ಲಿ ಕರೆಂಟ್ ಬಳಸುವ ಕಡೆ 20 ಜನ ಇದ್ದರೆ ಮಾತ್ರ ಕಾರ್ಖಾನೆ. ಮೊದಲು 10 ಇತ್ತು. ಹಾಗಾದರೆ ನಾನು ಇದರಿಂದ ಹೊರಗೇ ಅಲ್ವಾ?

ಹಳೇ_ಯೂನಿಯನ್_ಧಾರವಾಡ:

ಪ್ರೆಸ್ ಸಾಹುಕಾರ್ರೇ, ಬೈಯಲ್ಲ, ನೀವು ನೇರ ಮಾತಾಡಿದಿರಿ. ಆದರೆ ಕೊನೆಯ ಮಾತು ತಪ್ಪು. ಕಾರ್ಖಾನೆ ಅನ್ನಿಸಿಕೊಳ್ಳಲು 20 ಜನ ಬೇಕು ನಿಜ. ರಜೆಯ ಕಲಮು ಇರುವುದು ಕಾರ್ಖಾನೆಗೆ ಅಲ್ಲ, ಸಂಸ್ಥೆಗೆ. 10 ಜನ ಇದ್ದರೆ ಸಂಸ್ಥೆ. ನಿಮ್ಮ 14 ಜನ ಒಳಗೇ ಇದ್ದಾರೆ.

ಫೀ ವಿಷಯಕ್ಕೆ ನನ್ನ ಹತ್ತಿರ ಚಂದದ ಉತ್ತರ ಇಲ್ಲ. ಪಗಾರ ಸಾಲದ್ದಕ್ಕೆ ಅವರು ಸೂಟಿ ಮಾರುತ್ತಾರೆ, ಸೂಟಿ ಸಾಕಾಗಿ ಅಲ್ಲ. ಒಂದು ಮಧ್ಯದ ದಾರಿ ಇದೆ, 15ರಲ್ಲಿ ಒಂದು ವಾರ ಕಡ್ಡಾಯವಾಗಿ ಮನೆಗೆ ಹೋಗಲಿ, ಉಳಿದದ್ದು ಬೇಕಾದರೆ ದುಡ್ಡು. ಯುರೋಪ್‌ನಲ್ಲಿ ಕನಿಷ್ಠ ನಾಲ್ಕು ವಾರ, ಅದನ್ನು ಕೆಲಸ ಬಿಡುವಾಗ ಬಿಟ್ಟರೆ ದುಡ್ಡಿಗೆ ಬದಲಿಸುವ ಹಾಗೇ ಇಲ್ಲ. ಅದಕ್ಕಿಂತ ಮೇಲೆ ಕೊಟ್ಟ ರಜೆ ಬೇಕಾದರೆ ಮಾರಿಕೊಳ್ಳಲಿ.

ಅಂದ ಹಾಗೆ, ಪಗಾರಿ ರಜೆ ಜಿನೀವಾದವರು ನಮ್ಮ ತಲೆಗೆ ಕಟ್ಟಿದ್ದು ಅನ್ನಬೇಡಿ. 1945ರಲ್ಲಿ ಕಾರ್ಖಾನೆ ಕಾಯ್ದೆಗೆ ಪಗಾರ ಸಹಿತ ರಜೆ ಸೇರಿದಾಗ ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದವರು ಬಾಬಾಸಾಹೇಬ್ ಅಂಬೇಡ್ಕರ್.

ವಿದ್ಯಾನಗರ_ಹುಡುಗ:

ಸುಮ್ನೆ ಫಾರಿನ್ ಫಾರಿನ್ ಅಂತೀರಿ. ಅಮೆರಿಕದಲ್ಲಿ ದೇಶದ ಕಾನೂನಿನಲ್ಲಿ ಪಗಾರಿ ರಜೆ ಒಂದು ದಿನವೂ ಇಲ್ಲ ಗೊತ್ತಾ? ಚೀನಾದಲ್ಲಿ ಮೊದಲ ಹತ್ತು ವರ್ಷದ ಸರ್ವಿಸ್ ತನಕ ವರ್ಷಕ್ಕೆ ಐದೇ ದಿನ. ನಮ್ಮದೇ ವಾಸಿ.

ಬ್ಯಾಡಗಿ_ಅಕ್ಕ:

ವಾಸಿ ಯಾರಿಗೆ ತಮ್ಮಾ? ನಮ್ಮೂರಿನ ಮೆಣಸಿನಕಾಯಿ ಗೋದಾಮುಗಳಿಗೆ ಒಮ್ಮೆ ಬಂದು ನೋಡು. ನಾನು ಲೆಕ್ಕ ಬರೆಯುವವಳು. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಬೆಳಿಗ್ಗೆ ಬಂದು ಕೂತರೆ ಸಂಜೆ ಏಳುವಾಗ ಕೈ ಉರಿ, ಕಣ್ಣು ಉರಿ, ಮನೆಗೆ ಹೋಗಿ ಮಗು ಮುಟ್ಟಬೇಕಂದರೆ ಎರಡು ಸಲ ಕೈ ತೊಳೆಯಬೇಕು. ಕೂಲಿ ಕಿಲೋ ಲೆಕ್ಕ. ಬಾರದ ದಿನ ಸೊನ್ನೆ. ಸೀಸನ್ ಶುರುವಾಗುವುದು ಡಿಸೆಂಬರ್‌ನಲ್ಲಿ, ಏಪ್ರಿಲ್, ಮೇ ತನಕ. ಕಾನೂನಿನ ವರ್ಷ ಜನವರಿಗೆ ಶುರು, ಆದ್ದರಿಂದ ಡಿಸೆಂಬರ್ ಒಂದು ವರ್ಷಕ್ಕೆ, ಉಳಿದದ್ದು ಇನ್ನೊಂದಕ್ಕೆ. 180 ಎಲ್ಲಿಂದ ತರೋಣ? ಹೆಸರು ಹಾಜರಿ ಪುಸ್ತಕದಲ್ಲಿ ಇದ್ದರೆ ತಾನೇ ಆ ಮಾತು, ಅದೂ ಇಲ್ಲ.

ಯೂನಿಯನ್ ಅಣ್ಣಾವ್ರೇ, ನಿಮ್ಮ 132 ಇಲ್ಲಿಗೆ ಬಂದರೆ ಇವರಿಗೆ ಏನಾದರೂ ಸಿಗುತ್ತದಾ? ನಿಜ ಹೇಳಿ.

ಹಳೇ_ಯೂನಿಯನ್_ಧಾರವಾಡ:

ನಿಜ ಹೇಳುತ್ತೇನೆ ಅಕ್ಕಾ, ಸಿಗದೆಯೂ ಇರಬಹುದು. ಅಲ್ಲಿ ಪೂರ್ತಿ ವರ್ಷ ದುಡಿಯದವರಿಗೆ ದುಡಿದಷ್ಟಕ್ಕೆ ತಕ್ಕ ರಜೆ ಅಂತ ಇದೆ. ಆದರೆ ದೇಶ ಆರು ತಿಂಗಳ ಷರತ್ತು ಹಾಕಲಿಕ್ಕೂ ಅವಕಾಶ ಇದೆ. ಐದು ತಿಂಗಳ ಸೀಸನ್ ಅದರೊಳಗೆ ಜಾರಿ ಹೋಗುತ್ತದೆ. ಮೇಲಾಗಿ ಬೇಸಾಯದವರಿಗೆ ಬೇರೆ, ಉಳಿದವರಿಗೆ ಬೇರೆ ಅಂತ ಒಪ್ಪಿಕೊಳ್ಳಬಹುದು, ಸರ್ಕಾರ ಒಂದನ್ನು ಒಪ್ಪಿ ಇನ್ನೊಂದು ಬಿಡಬಹುದು. ಆ ಆರು ತಿಂಗಳು ಗರಿಷ್ಠ ಮಿತಿ ಅಷ್ಟೇ, ನಾವು ಒಂದು ತಿಂಗಳು ಅಂತ ಬರೆದುಕೊಂಡರೆ ಯಾರೂ ಬೇಡ ಅನ್ನಲ್ಲ. ಇಪ್ಪತ್ತು ದಿನ ದುಡಿದರೆ ಒಂದು ದಿನ, 180ರ ಷರತ್ತು ಏನೂ ಬೇಡ ಅಂತ ಕೇಳಬೇಕು. ಇಷ್ಟು ವರ್ಷ ನಾವು ಗೇಟಿನ ಮುಂದೆ ಕೂಗಿದ್ದು ಕಾಯಂ ಜನರ ಸಲುವಾಗಿ ಮಾತ್ರ. ಅದು ನಮ್ಮ ತಪ್ಪೂ ಹೌದು.

ತಾರಿಹಾಳ_ಫಿಟ್ಟರ್:

ಎಲ್ಲರಿಗೂ ಥ್ಯಾಂಕ್ಸ್ ರೀ. ಅಕ್ಕಾ, ನಿಮ್ಮದು ಓದಿ ನನ್ನ ನಾಲ್ಕು ದಿನ ಕೇಳಲಿಕ್ಕೇ ಒಂಥರಾ ಅನ್ನಿಸಿತು.

ಡೈರಿಯಲ್ಲಿ ಎಣಿಸಿದೆ. ಜನವರಿಯಿಂದ ಇವತ್ತಿನ ತನಕ 173 ದಿನ ದುಡಿದಿದ್ದೇನೆ. ಪಂಚಮಿಗೆ ಇನ್ನೂ 18 ದಿನ ಇದೆ, ಅಷ್ಟರೊಳಗೆ 180 ದಾಟುತ್ತದೆ. ಆದರೆ ನಮ್ಮ ಕಾಂಟ್ರಾಕ್ಟರ್ 11 ತಿಂಗಳಿಗೊಮ್ಮೆ ಹೊಸ ಕಾರ್ಡ್ ಕೊಡುತ್ತಾರೆ, ನಂದು ಮಾರ್ಚ್‌ನಲ್ಲಿ ಬದಲಾಯಿತು. ಎಣಿಕೆ ಅಲ್ಲಿಂದ ಶುರು ಅಂದರೆ?

ಹಳೇ_ಯೂನಿಯನ್_ಧಾರವಾಡ:

ಕಾಂಟ್ರಾಕ್ಟರ್ ಅವನೇ, ಗೇಟ್ ಅದೇ, ಮಷೀನ್ ಅದೇ, ನಡುವೆ ಒಂದು ದಿನವೂ ಬಿಟ್ಟಿಲ್ಲ. ಕಾರ್ಡಿನ ಬಣ್ಣ ಬದಲಾದರೆ ಸರ್ವಿಸ್ ತುಂಡಾಗಲ್ಲ ಅಂತಲೇ ವಾದ ಮಾಡು. ಎರಡೂ ಕಾರ್ಡ್, ಪಗಾರದ ಚೀಟಿ, ಪಿ.ಎಫ್. ಪಾಸ್‌ಬುಕ್, ಮೂರನ್ನೂ ಫೋಟೋ ತೆಗೆದು ಇಟ್ಟುಕೋ. ಪಿ.ಎಫ್. ತುಂಬಿದ ತಿಂಗಳು ಸುಳ್ಳು ಹೇಳಲ್ಲ.

ಅರ್ಜಿ ಬರೆದು ಕೊಡು, ಬಾಯಿಮಾತು ಬೇಡ. ಹಳೇ ಕಾಯ್ದೆಯಲ್ಲಿ 15 ದಿನ ಮುಂಚೆ ಕೊಡಬೇಕು ಅಂತ ಇತ್ತು, ನಿನಗೆ ಇನ್ನೂ ಮೂರು ದಿನ ಇದೆ. ಒಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೋ. ಸರಿಯಾಗಿ ಅರ್ಜಿ ಕೊಟ್ಟ ರಜೆಯನ್ನು ಅವರು ನಿರಾಕರಿಸಿದರೆ ಅದು ಮುಂದಿನ ವರ್ಷಕ್ಕೆ ಒಯ್ಯುವ ರಜೆಗಿರುವ 30 ದಿನದ ಮಿತಿ ಇಲ್ಲದೆ ಮುಂದಕ್ಕೆ ಹೋಗುತ್ತದೆ, ಅದಕ್ಕೇ ಬರಹದಲ್ಲಿ ಬೇಕು.

ಇನ್ನೊಂದು. ಕರ್ನಾಟಕದ 1963ರ ಕಾಯ್ದೆ ಪ್ರಕಾರ ವರ್ಷಕ್ಕೆ ರಾಷ್ಟ್ರೀಯ ಮತ್ತು ಹಬ್ಬದ ರಜೆ ಸೇರಿ ಹತ್ತು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವು ಐದು ಖಾಯಂ. ಉಳಿದ ಐದು ಹಬ್ಬ ಕಾರ್ಮಿಕರನ್ನೂ ಕೇಳಿ ಗೊತ್ತು ಮಾಡುವಂಥವು. ಮುಂದಿನ ವರ್ಷದ ಪಟ್ಟಿ ಆಗುವಾಗ ಪಂಚಮಿ ಹಾಕಿಸಿ. ಆ ಪಟ್ಟಿ ಗೇಟಿನ ಹತ್ತಿರ ಅಂಟಿಸಿದ್ದನ್ನು ನಿಮ್ಮಲ್ಲಿ ಯಾರಾದರೂ ಓದಿದ್ದೀರಾ?

ತಾರಿಹಾಳ_ಫಿಟ್ಟರ್:

ಅಂಟಿಸಿದ್ದಾರೆ, ಅದರ ಮೇಲೆ ಕ್ಯಾಂಟೀನ್ ರೇಟ್ ಬೋರ್ಡ್ ನೇತು ಹಾಕಿದ್ದಾರೆ.

ನಾಳೆ ಬೆಳಗಿನ ಪಾಳಿಯವರು ಏಳು ಜನ ಒಟ್ಟಿಗೆ ಅರ್ಜಿ ಕೊಡುತ್ತೇವೆ. ಒಬ್ಬೊಬ್ಬರೇ ಹೋದರೆ ಕಾರ್ಡ್ ಕಸಿದುಕೊಂಡರೆ ಅಂತ ಭಯ. ಅಕ್ಕನಿಗೆ ಬರುತ್ತೇನೆ ಅಂತ ಇನ್ನೂ ಹೇಳಿಲ್ಲ.

ಗದಗ_ಪ್ರೆಸ್:

ಅರ್ಜಿ ನಮೂನೆ ಬೇಕಿದ್ದರೆ ಹೇಳಪ್ಪಾ, ಏಳು ಪ್ರತಿ ಪ್ರಿಂಟ್ ಹಾಕಿ ಕಳಿಸುತ್ತೇನೆ, ದುಡ್ಡು ಬೇಡ. ಮತ್ತೆ ಯೂನಿಯನ್‌ನವರೇ, ಆ "ಒಂದು ವಾರ ಕಡ್ಡಾಯ" ಅಂದಿರಲ್ಲ, ಅದನ್ನು ಲಗ್ನಸರಾಯಿ ಬಿಟ್ಟು ಆಷಾಢದಲ್ಲಿ ಕೊಟ್ಟರೆ ನಡೆಯುತ್ತದಾ?