ರಿಸೆಪ್ಷನ್ ಲೆಹೆಂಗಾ ನಾನೇ ಹೊಲಿಯಬೇಕು, ಯಾವ ಬಟ್ಟೆ ತಗೊಳ್ಳಲಿ?

ಬಾಗಲಕೋಟೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ನನ್ನ ಮದುವೆ. ಅಕ್ಕಿಕಾಳಿಗೆ (ಮುಹೂರ್ತಕ್ಕೆ) ಅಜ್ಜಿಯ ಇಳಕಲ್ ಸೀರೆ ಇದೆ, ಅದರ ಚಿಂತೆ ಇಲ್ಲ. ರಿಸೆಪ್ಷನ್‌ಗೆ ಮಾತ್ರ ನಾನೇ ಹೊಲಿದ ಲೆಹೆಂಗಾ ಹಾಕಬೇಕು ಅಂತ ತುಂಬಾ ಆಸೆ. ಬ್ಲೌಸು, ಚೂಡಿದಾರ ಹೊಲಿದು ರೂಢಿ ಇದೆ, ಆದರೆ ಇಷ್ಟು ದೊಡ್ಡದು ಇದೇ ಮೊದಲು. ಮನೆಯಲ್ಲಿರುವುದು ಕಾಲಿನಲ್ಲಿ ತುಳಿಯುವ ಮಷೀನು, ನೇರ ಹೊಲಿಗೆ ಬಿಟ್ಟರೆ ಬೇರೇನೂ ಇಲ್ಲ, ಎಳೆ ಬಿಡದ ಹಾಗೆ ಅಂಚು ಕಟ್ಟುವ ಓವರ್‌ಲಾಕ್ ಇಲ್ಲ. ಸ್ಯಾಟಿನ್, ರಾ ಸಿಲ್ಕ್, ಗುಳೇದಗುಡ್ಡ ಖಣ (ರವಿಕೆ ಬಟ್ಟೆ), ಈ ಮೂರರಲ್ಲಿ ಮನಸ್ಸು ಓಡಾಡ್ತಾ ಇದೆ. ಸೊಂಟ 30, ಸೀಟು (ಹಿಂಭಾಗದ ಸುತ್ತಳತೆ) 40, ಲೆಹೆಂಗಾ ಉದ್ದ 41 ಇಂಚು. ಏನು ತಗೊಳ್ಳಲಿ, ಎಷ್ಟು ತಗೊಳ್ಳಲಿ?

ಸೂಜಿದಾರ:
ಸ್ಯಾಟಿನ್ ಬಿಟ್ಟುಬಿಡಿ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವುದು ಹೆಚ್ಚಾಗಿ ಪಾಲಿಯೆಸ್ಟರ್, ಮೇ ತಿಂಗಳ ಸೆಕೆಗೆ ಅದು ಮೈಗೆ ಅಂಟಿಕೊಳ್ಳುತ್ತೆ. ಇನ್ನೊಂದು, ತಪ್ಪಾಗಿ ಹೊಲಿದು ಬಿಚ್ಚಿದರೆ ಸೂಜಿ ಹೋದ ತೂತು ಹಾಗೇ ಉಳಿಯುತ್ತೆ, ವಿಡಿಯೋ ಲೈಟಿಗೆ ಸುಕ್ಕುಗಳೆಲ್ಲ ಎದ್ದು ಕಾಣುತ್ತವೆ. ಮೊದಲ ಸಲ ಹೊಲಿಯುವವರಿಗೆ ತಿದ್ದಲು ಅವಕಾಶ ಕೊಡುವ ಬಟ್ಟೆ ಬೇಕು, ಅಲ್ವಾ?

ಚಿಕ್ಕಪೇಟೆ ಸುತ್ತುವವಳು:
ನನ್ನ ಓಟು ರಾ ಸಿಲ್ಕ್‌ಗೆ. ಗಟ್ಟಿಯಾಗಿ ನಿಲ್ಲುತ್ತೆ, ಜಾರಲ್ಲ, ಗೆರೆ ಹಾಕಿದ ಕಡೆಯೇ ಕತ್ತರಿ ಹೋಗುತ್ತೆ. ಅಂಗಡಿಯವರು ಪ್ಯೂರ್ ಅಂದಕೂಡಲೇ ನಂಬಬೇಡಿ, ಶುದ್ಧ ರೇಷ್ಮೆ ಅಂತ ಖಾತ್ರಿ ಕೊಡುವ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಚೀಟಿ ಇಲ್ಲದಿದ್ದರೆ ಒಂದು ಚೂರು ತಂದು ಹಾಸಿನಿಂದ (ಉದ್ದ ದಾರ) ಒಂದು ಎಳೆ, ಹೊಕ್ಕಿನಿಂದ (ಅಡ್ಡ ದಾರ) ಒಂದು ಎಳೆ ತೆಗೆದು ಬೇರೆ ಬೇರೆ ಸುಟ್ಟು ನೋಡಿ, ಯಾಕಂದ್ರೆ ಒಂದು ಕಡೆ ಮಾತ್ರ ರೇಷ್ಮೆ ಇರುವ ಬಟ್ಟೆಯೂ ಬರುತ್ತೆ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತೆ.

ಲೆಕ್ಕ ಹೇಳ್ತೀನಿ. 44 ಇಂಚು ಪನ್ನ (ಬಟ್ಟೆಯ ಅಗಲ) ಅಂತ ಇಟ್ಟುಕೊಳ್ಳಿ. 12 ಕಳಿ (ಮೇಲೆ ಕಿರಿದು, ಕೆಳಗೆ ಅಗಲ ಇರುವ ತುಂಡು), ಪ್ರತಿ ಕಳಿ ಮೇಲೆ ಎರಡೂವರೆ, ಕೆಳಗೆ 12 ಇಂಚು, ಎರಡೂ ಬದಿ ಅರ್ಧ ಇಂಚು ಮಾರ್ಜಿನ್. ಒಂದು ಕಳಿ ನೇರ, ಪಕ್ಕದ್ದು ತಲೆಕೆಳಗು ಇಟ್ಟರೆ ಪನ್ನದಲ್ಲಿ ನಾಲ್ಕು ಕೂರುತ್ತವೆ, ಮೂರೂವರೆ ಮೀಟರ್ ಸಾಕು. ಆದರೆ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ಬಟ್ಟೆ ತಗೊಂಡರೆ ಹಾಗೆ ಮಾಡಬೇಡಿ, ತಿರುಗಿಸಿದ ಕಳಿಯ ಛಾಯೆ ಬೇರೆ ಕಾಣಬಹುದು. ಎಲ್ಲವನ್ನೂ ಒಂದೇ ದಿಕ್ಕಿಗೆ ಇಟ್ಟರೆ ಪನ್ನಕ್ಕೆ ಮೂರೇ ಕಳಿ, ಆಗ ನಾಲ್ಕೂವರೆ ಮೀಟರ್ ಬೇಕು. ರಾ ಸಿಲ್ಕ್ ಅಂಚಿನಲ್ಲಿ ಎಳೆ ಜಾಸ್ತಿ ಬಿಡುತ್ತೆ, ನಿಮಗೆ ಓವರ್‌ಲಾಕ್ ಬೇರೆ ಇಲ್ಲ, ಹಾಗಾಗಿ ಫ್ರೆಂಚ್ ಸೀಮ್ ಹಾಕಿ. ಮೊದಲು ಒಳಮೈಗೆ ಒಳಮೈ ಸೇರಿಸಿ ಕಾಲು ಇಂಚಿಗೆ ಹೊಲಿದು, ಅಂಚು ಕತ್ತರಿಸಿ, ತಿರುಗಿಸಿ ಮತ್ತೆ ಹೊಲಿದರೆ ಎಳೆಗಳೆಲ್ಲ ಒಳಗೇ ಮುಚ್ಚಿಹೋಗುತ್ತವೆ.

ಪರಕಾರ ಪ್ರಿಯೆ:
ಬಾಗಲಕೋಟೆಯವಳು ನೀನು, ಗುಳೇದಗುಡ್ಡ ಪಕ್ಕದಲ್ಲೇ ಇದೆ, ಖಣ ಬಿಟ್ಟು ಬೇರೆ ಯಾಕಮ್ಮ! ಆದರೆ ಖಣದಲ್ಲಿ ಕಳಿ ಕತ್ತರಿಸಬೇಡ. ಪನ್ನ ಕಡಿಮೆ, ಸಾಮಾನ್ಯವಾಗಿ 30 ಇಂಚಿನ ಆಸುಪಾಸು, ಚೂರು ಜಾಸ್ತಿ ಹಾಳಾಗುತ್ತೆ, ಅಂಚಿನ ಅಂದವೂ ಹೋಗುತ್ತೆ. ಚಿಕ್ಕ ಹುಡುಗಿಯರಿಗೆ ಪರಕಾರ (ಲಂಗ) ಹೊಲಿಯುವ ಹಾಗೆ ಬಟ್ಟೆಯನ್ನು ಅಡ್ಡ ಹಿಡಿ, ಅಂಚು ಸೀದಾ ಕಾಲಿನ ಹತ್ತಿರ ಬರುತ್ತೆ, ಸುತ್ತ ಒಂದೇ ಜೋಡಣೆ ಸಾಕು. ಉದ್ದಕ್ಕೆ ಕಮ್ಮಿ ಬೀಳುವ 11 ಇಂಚಿಗೆ ಮೇಲೆ ಅದೇ ಬಣ್ಣದ ರಾ ಸಿಲ್ಕ್ ಪಟ್ಟಿ ಕೊಡು. ನೆರಿಗೆ ಸೊಂಟದಲ್ಲಿ ಅಲ್ಲ, ಆ ಪಟ್ಟಿಯ ಕೆಳಗೆ ಶುರುವಾಗುವುದರಿಂದ ಹೊಟ್ಟೆ ಹತ್ತಿರ ಉಬ್ಬಲ್ಲ. ಸೀಟಿನ ಮೂರು ಪಟ್ಟು ಉದ್ದ ಅಂದ್ರೆ 120 ಇಂಚು, ಮೂರೂಕಾಲು ಮೀಟರ್ ತಗೋ. ಬ್ಲೌಸ್ ಪೀಸ್ ಅಂತ ಕತ್ತರಿಸಿಟ್ಟದ್ದು ಬೇಡ, ತಾನಿನಿಂದ (ಬಟ್ಟೆಯ ಸುರುಳಿಯಿಂದ) ಒಂದೇ ತುಂಡು ಕೇಳು. ಪವರ್‌ಲೂಮ್ ಖಣವೂ ಮಾರ್ಕೆಟ್‌ನಲ್ಲಿ ತುಂಬಾ ಇದೆ, ಕೈಮಗ್ಗದ್ದೇ ಬೇಕು ಅಂದರೆ ನೇಕಾರರ ಹತ್ತಿರವೇ ಹೋಗಿ ತರುವುದು ಒಳ್ಳೆಯದು.

ಬಾಗಲಕೋಟೆ ಹುಡುಗಿ:
ಅಕ್ಕಾ, ಪರಕಾರದ ಐಡಿಯಾ ತಲೆಗೇ ಬಂದಿರಲಿಲ್ಲ! ತೇರಿನ ಬುಟ್ಟಾ ಇರುವ ಕೆಂಪು ಖಣ ನೋಡಿಟ್ಟಿದ್ದೀನಿ, ಅದಕ್ಕೇ ಹೋಗ್ತೀನಿ. ಬಣ್ಣ ಬಿಡುತ್ತಾ ಅನ್ನೋದೊಂದೇ ಭಯ. ಲೈನಿಂಗ್ ಯಾವುದು ಹಾಕಲಿ?

ಪರಕಾರ ಪ್ರಿಯೆ:
ಮೊದಲು ಕಾಲು ಮೀಟರ್ ತಂದು, ಒದ್ದೆ ಬಿಳಿ ಬಟ್ಟೆ ಮೇಲಿಟ್ಟು ಇಸ್ತ್ರಿ ಒತ್ತಿ ನೋಡು. ಬಿಳಿ ಬಟ್ಟೆಗೆ ಕೆಂಪು ಹತ್ತಿದರೆ ಬೆವರಿಗೂ ಹತ್ತುತ್ತೆ, ಆ ತಾನು ಬೇಡ. ಲೈನಿಂಗ್‌ಗೆ ತೆಳು ಕಾಟನ್, ಅದೂ ಕತ್ತರಿಸುವ ಮೊದಲು ಒಮ್ಮೆ ನೀರಲ್ಲಿ ನೆನೆಸಿ ಒಣಗಿಸು, ಇಲ್ಲಾಂದ್ರೆ ಆಮೇಲೆ ಲೈನಿಂಗ್ ಕುಗ್ಗಿ ಮೇಲಿನ ಬಟ್ಟೆಯನ್ನು ಎಳೆಯುತ್ತೆ. ಉಳಿದ ಚೂರಿನಲ್ಲಿ ನೆರಿಗೆ ಹಾಕಿ ನಿನ್ನ ಮಷೀನಿನಲ್ಲೇ ಹೊಲಿದು ನೋಡು, 11 ನಂಬರಿನ ಹೊಸ ಸೂಜಿ ಹಾಕು.